ಇಪ್ಪತ್ಮೂರು ಚೌಕಗಳ ಹದ್ದುಬಸ್ತು

ಭೂಮಿಯನ್ನು ತುಂಡು ಮಾಡಿಕೊಡಿ ಎಂದು ಕೇಳುವುದಕ್ಕೆ ನಮ್ಮ ಸರ್ಕಾರದಲ್ಲಿ ಬೇಕಾದಷ್ಟು ಅರ್ಜಿಗಳಿವೆ. ಪೋಡಿಗೊಂದು, ತತ್ಕಾಲ್ ಪೋಡಿಗೊಂದು, ಹದ್ದುಬಸ್ತಿಗೊಂದು, ಹನ್ನೊಂದು ಇ ನಕ್ಷೆಗೊಂದು. ನಾನು ಭೂಮಾಪನ ಇಲಾಖೆಯಲ್ಲಿದ್ದ ಅಷ್ಟೂ ವರ್ಷ ಕಡೂರು, ತರೀಕೆರೆ, ಅಜ್ಜಂಪುರದ ಹೊಲ ತೋಟಗಳಲ್ಲಿ ಸರಪಳಿ ಎಳೆದದ್ದು ಅಣ್ಣನಿಂದ ತಮ್ಮನನ್ನು, ತಮ್ಮನಿಂದ ತಂಗಿಯನ್ನು, ತಂಗಿಯಿಂದ ತೆಂಗಿನ ಮರವನ್ನು ಬೇರೆ ಮಾಡುವುದಕ್ಕೇ. "ನಮ್ಮಿಬ್ಬರ ಹೊಲ ಸೇರಿಸಿ ಒಂದು ಮಾಡಿಕೊಡಿ ಸಾರ್" ಎಂದು ಕೈಮುಗಿದು ಬಂದ ಪುಣ್ಯಾತ್ಮ ಒಬ್ಬನೂ ಇಲ್ಲ. ಹೀಗಾಗಿ, ನಿವೃತ್ತನಾದ ಮೇಲೆ ನಮ್ಮ ಮನೆಯ ಹೆಂಗಸರು ಕಸೂತಿ ಹಾಕಿದ ಬಟ್ಟೆಯ ಚೌಕಗಳನ್ನು ನನ್ನ ಮುಂದೆ ರಾಶಿ ಸುರಿದು, "ಇವನ್ನೆಲ್ಲ ಜೋಡಿಸಿ ಒಂದು ಕೌದಿ ಆಗಬೇಕು, ಅಳತೆ ನಿಮ್ಮದು" ಎಂದಾಗ ನನ್ನ ಕೈಯಲ್ಲಿ ಟೇಪೇನೋ ಇತ್ತು, ಅನುಭವ ಮಾತ್ರ ಇರಲಿಲ್ಲ.

ಯೋಜನೆ ಸೊಸೆಯದು. ಧಾರವಾಡದ ಹುಡುಗಿ, ಮಗನ ಜೊತೆ ಬೆಂಗಳೂರಿನಲ್ಲಿದ್ದಾಳೆ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಎಲ್ಲರೂ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದಾಗ, "ಎರಡೂ ಕಡೀ ಹೆಣ್ಮಕ್ಳು ಒಬ್ಬೊಬ್ಬರು ಒಂದೊಂದು ಚೌಕ ಕಸೂತಿ ಹಾಕಿಕೊಡ್ರಿ. ಎಲ್ಲಾ ಕೂಡಿಸಿ ಕೂಸಿಗೆ ಒಂದು ಕೌದಿ ಮಾಡೂಣು" ಎಂದಳು. ಎಲೆಅಡಿಕೆ ಬಾಯಲ್ಲಿದ್ದಾಗ ಯಾರೂ ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಆಮೇಲೆ ತಿಳಿಯಿತು, ಅಮೆರಿಕದ ಬಾಲ್ಟಿಮೋರ್ ಊರಿನ ಹೆಂಗಸರು 1840ರ ದಶಕದಲ್ಲೇ ಇದನ್ನು ಮಾಡಿ ಮುಗಿಸಿದ್ದರು ಅಂತ. ಒಬ್ಬೊಬ್ಬರು ಒಂದೊಂದು ಚೌಕ ಸಿದ್ಧಮಾಡಿ, ಮೂಲೆಯಲ್ಲಿ ಹೆಸರು ಬರೆದು, ಎಲ್ಲವನ್ನೂ ಸೇರಿಸಿ ಮದುಮಗಳಿಗೋ ಊರು ಬಿಡುವ ಪಾದ್ರಿಗೋ ಉಡುಗೊರೆ ಕೊಡುತ್ತಿದ್ದರು. ಅವು ಈಗ ಮ್ಯೂಸಿಯಂಗಳಲ್ಲಿ ಗಾಜಿನ ಹಿಂದೆ ಭದ್ರವಾಗಿವೆ. ಜೋಡಿಸುವಾಗ ಅವರು ಎಷ್ಟು ದಿನ ಮಾತು ಬಿಟ್ಟಿದ್ದರು ಎಂಬುದನ್ನು ಮ್ಯೂಸಿಯಂನವರು ಬರೆದಿಟ್ಟಂತಿಲ್ಲ.

ಬಟ್ಟೆ ಕತ್ತರಿಸಿ ಹಂಚಿದವನು ನಾನು. ಬಿಳಿ ಕೇಸ್‌ಮೆಂಟ್ ಬಟ್ಟೆ, ಒಂದೊಂದೂ 13 ಇಂಚಿನ ಚೌಕ. ಸುತ್ತಲೂ ಅರ್ಧ ಇಂಚು ಬಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, "ಗೆರೆಯಾಚೆ ಖರಾಬು, ಅಲ್ಲಿ ಯಾರೂ ಬೆಳೆ ಇಡತಕ್ಕದ್ದಲ್ಲ" ಎಂದು ಬಾಯಲ್ಲೂ ಹೇಳಿ, ವಾಟ್ಸಾಪಿನಲ್ಲೂ ಹಾಕಿದ್ದೆ. ಒಟ್ಟು 20 ಚೌಕ, ಐದು ಸಾಲು, ನಾಲ್ಕು ಕಂಬ, ನಕ್ಷೆ ತಯಾರು. ಆದರೆ ವಾಪಸು ಬಂದದ್ದು 23. ಬೀರೂರಿನ ಚಿಕ್ಕಮ್ಮ ತನ್ನಿಬ್ಬರು ಸೊಸೆಯರನ್ನು ತಾನೇ ಸೇರಿಸಿಕೊಂಡಿದ್ದಳು. "ಒಬ್ಬಳಿಗೆ ಕೊಟ್ಟು ಒಬ್ಬಳಿಗೆ ಬಿಟ್ಟರೆ ನನ್ನ ಮನೇಲಿ ಕುಕ್ಕರ್ ಕೂಗಲ್ಲಪ್ಪ" ಎಂಬುದು ಅವಳ ಸಮಜಾಯಿಷಿ. ಮೂರನೆಯದಕ್ಕೆ ವಾರಸುದಾರರೇ ಇಲ್ಲ. ಕೆಂಪು ಗುಲಾಬಿ, ಎರಡು ಎಲೆ, ಹೆಸರಿಲ್ಲ, ಊರಿಲ್ಲ. ಕೊರಿಯರ್ ಕವರಿನಲ್ಲಿ ಯಾರ ಜೊತೆ ಬಂತೋ, ಯಾರೂ ತಮ್ಮದೆಂದು ಒಪ್ಪಲಿಲ್ಲ.

23 ಎಂಥ ಸಂಖ್ಯೆ ಎಂದು ಯಾವ ಲೆಕ್ಕದ ಮೇಷ್ಟರನ್ನಾದರೂ ಕೇಳಿ. ಒಂದು ಬಿಟ್ಟರೆ ತಾನು, ತಾನು ಬಿಟ್ಟರೆ ಒಂದು. ಬೇರೆ ಯಾರಿಗೂ ಬಗ್ಗದ ಸಂಖ್ಯೆ. ಹಟ ಹಿಡಿದು ಇಷ್ಟನ್ನೇ ಜೋಡಿಸಿದರೆ 23 ಅಡಿ ಉದ್ದದ, ಒಂದಡಿ ಅಗಲದ ಕೌದಿಯಾಗುತ್ತದೆ. ಅದನ್ನು ಕೂಸಿಗೆ ಹೊದಿಸಲಾಗದು, ಹೆಬ್ಬಾವಿಗೆ ಹೊದಿಸಬಹುದು. ಇನ್ನೆರಡು ಸೇರಿಸಿ 25 ಮಾಡಿದರೆ ಐದೈದರ ಚೌಕ. ಆ ಎರಡು ಯಾವುವು ಎಂಬ ಪ್ರಶ್ನೆಯನ್ನು ಬದಿಗಿಟ್ಟು ನಾನು ಮೊದಲು ಮೋಜಣಿಗೆ ಇಳಿದೆ.

ಅಳತೆ ಹಾಕಿ ನೋಡಿದರೆ ನಾನು ಕಳಿಸಿದ ಚೌಕ ಒಂದೂ ಚೌಕವಾಗಿ ಉಳಿದಿರಲಿಲ್ಲ. ಕೆಲವು ಹನ್ನೆರಡೂವರೆ, ಕೆಲವು ಹನ್ನೊಂದೂಮುಕ್ಕಾಲು, ಒಂದು ಪೂರಾ ವಜ್ರಾಕೃತಿ. ಬಟ್ಟೆ ಅದೇ, ಕತ್ತರಿ ಅದೇ, ಎಲ್ಲಿ ಹೋಯಿತು ಅರ್ಧ ಇಂಚು? ಇದಕ್ಕೆ ಕಾರಣವನ್ನು ಹೇಳಿದವಳು ನನ್ನ ಹೆಂಡತಿ. ಹುಡುಗಿಯಾಗಿದ್ದಾಗ ಹೊಲಿಗೆ ಕ್ಲಾಸಿಗೆ ಹೋದವಳು. ಕಸೂತಿ ಹಾಕುವಾಗ ದಾರ ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕುಗಟ್ಟಿ ಒಳಕ್ಕೆ ಸರಿಯುತ್ತದಂತೆ. ಎಲೆ ಹೂವನ್ನೆಲ್ಲ ಒತ್ತೊತ್ತಾಗಿ ದಾರದಿಂದ ತುಂಬಿಸುವ ಸ್ಯಾಟಿನ್ ಸ್ಟಿಚ್ಚಿನಲ್ಲಂತೂ ಬಟ್ಟೆ ತಿಂದುಹೋಗುವುದೇ ಹೆಚ್ಚು. ಮರದ ರಿಂಗಿಗೆ ಸಿಕ್ಕಿಸಿ ಓರೆಯಾಗಿ ಎಳೆದು ಕೂತರೆ ಚೌಕ ವಜ್ರವಾಗುತ್ತದೆ. ಅದಕ್ಕೇ ತಿಳಿದವರು ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಕುಗ್ಗಿಸಿ, ಅಳತೆಗಿಂತ ದೊಡ್ಡದಾಗಿ ಕತ್ತರಿಸಿ, ಕಸೂತಿ ಮುಗಿದ ಮೇಲೆ ಸ್ನಾನದ ಟವೆಲಿನ ಮೇಲೆ ಬೋರಲು ಹಾಕಿ ಇಸ್ತ್ರಿ ಮಾಡಿ, ಕೊನೆಗೆ ಸರಿ ಅಳತೆಗೆ ಅಂಚು ಕತ್ತರಿಸುತ್ತಾರೆ. ಬೋರಲು ಯಾಕೆಂದರೆ ಹೂವಿನ ಉಬ್ಬು ಟವೆಲಿನೊಳಕ್ಕೆ ಇಳಿದು ಚಪ್ಪಟೆಯಾಗದೆ ಉಳಿಯುತ್ತದೆ. "ಇದನ್ನ ಮೊದಲೇ ಹೇಳಬಾರದಾ?" ಅಂದೆ. "ನೀವು ಕೇಳಿದ್ರಾ? ನೀವು ಖರಾಬಿನ ಬಗ್ಗೆ ಭಾಷಣ ಮಾಡ್ತಿದ್ರಿ" ಅಂದಳು.

ಇನ್ನು ಚೌಕಗಳ ಒಳಗಿನ ವಿಚಾರ. ತರೀಕೆರೆಯ ಅಕ್ಕ ತನ್ನ ಹಿತ್ತಿಲಿನ ತೆಂಗಿನ ಮರ ಹಾಕಿದ್ದಳು, ಹಿಂದೆ ಕೆಮ್ಮಣ್ಣುಗುಂಡಿಯ ಕಡೆಯ ಬೆಟ್ಟದ ಸಾಲು. ಚಿಕ್ಕಮ್ಮ ಎದುರುಬದುರು ಎರಡು ಗಿಳಿ ಕೂರಿಸಿ ಕೆಳಗೆ ಇಂಗ್ಲಿಷಿನಲ್ಲಿ ವೆಲ್‌ಕಮ್ ಎಂದು ಬರೆದಿದ್ದಳು. ಅವಳ ಕಾಲದಲ್ಲಿ ಹೆಣ್ಣು ನೋಡಲು ಬಂದವರಿಗೆ ಗೋಡೆಯ ಮೇಲೆ ಕಟ್ಟು ಹಾಕಿಸಿ ತೋರಿಸುತ್ತಿದ್ದ ಕಲೆ ಅದು, ಕೈ ಬೇರೆಯದಕ್ಕೆ ಓಡುವುದಿಲ್ಲ. ಕೊನೆಯ ಎರಡಕ್ಷರಕ್ಕೆ ಜಾಗ ಸಾಲದೆ ಅವು ಕೆಳಗಿನ ಸಾಲಿನಲ್ಲಿ ಬಾಗಿಲಾಚೆ ನಿಂತ ನೆಂಟರ ಹಾಗೆ ಕಾಯುತ್ತಿದ್ದವು.

ತಕರಾರು ಹುಟ್ಟಿದ್ದು ಅಜ್ಜಂಪುರದ ಅತ್ತಿಗೆಯ ಚೌಕದಿಂದ. ಅಜ್ಜಂಪುರವೆಂದರೆ ಅಮೃತಮಹಲ್. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟು, ಅದರ ಎತ್ತುಗಳನ್ನು ದಂಡಿನ ಫಿರಂಗಿಗೆ ಕಟ್ಟಿದ. ಆ ತಳಿಯ ಸಂವರ್ಧನಾ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲಿದೆ. ಅತ್ತಿಗೆ ಹಾಕಿದ್ದು ಒಂದು ಅಮೃತಮಹಲ್ ಹೋರಿ. ನೋಡಿದರೆ ಮೈ ಜುಮ್ಮೆನ್ನುವ ಕೆಲಸ; ಬೂದು ಬಣ್ಣದ ನಾಲ್ಕು ಛಾಯೆಯ ದಾರ, ಗಂಗೆದೊಗಲಿನ ಮಡಿಕೆ ಸಮೇತ. ಆದರೆ ಆ ತಳಿಯ ಕೊಂಬು ಗೊತ್ತಲ್ಲ, ನೆತ್ತಿಯಲ್ಲಿ ಒತ್ತಿಗೆ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲಕ್ಕೆದ್ದು ಭರ್ಚಿಯ ಮೊನೆಯಾಗುತ್ತದೆ. ಅತ್ತಿಗೆಯ ಹೋರಿಯ ಕೊಂಬು ಪೆನ್ಸಿಲ್ ಗೆರೆ ದಾಟಿ, ಖರಾಬು ದಾಟಿ, ಬಟ್ಟೆಯ ಅಂಚಿಗೆ ಮುಟ್ಟಿತ್ತು. ಹೊಲಿದರೆ ಮೊನೆ ಎರಡೂ ಹೊಲಿಗೆಯೊಳಕ್ಕೆ ಹೋಗುತ್ತದೆ.

"ಇದು ಒತ್ತುವರಿ" ಎಂದೆ.

"ಕೊಂಬು ಮೊಂಡಾದ ಅಮೃತಮಹಲ್ನ ಯಾವನು ಒಪ್ತಾನೆ ಮಾರಾಯ? ಎಮ್ಮೆ ಅಂತಾನೆ" ಎಂದರು ಅತ್ತಿಗೆ.

ಎರಡನೆಯ ತಕರಾರು ಧಾರವಾಡದ ಬೀಗಿತ್ತಿಯವರದು. ಅವರು ನಮ್ಮ ಕೇಸ್‌ಮೆಂಟ್ ಬಟ್ಟೆಯನ್ನು ಮುಟ್ಟಿಯೂ ನೋಡದೆ, ತಮ್ಮದೇ ಕಪ್ಪು ಮ್ಯಾಟಿ ಬಟ್ಟೆಯಲ್ಲಿ ಗೋಪುರ, ತುಳಸಿಕಟ್ಟೆ, ತೇರು ತುಂಬಿ ಕಳಿಸಿದ್ದರು. ಅವರದು ಅಪ್ಪಟ ಧಾರವಾಡ ಕಸೂತಿ. ನಮ್ಮ ಕಡೆ ಸೂಜಿ ದಾರದ ಯಾವ ಹೂವಿಗೂ ಕಸೂತಿ ಅಂದುಬಿಡುತ್ತೇವಲ್ಲ, ಆ ಜಾತಿಯದಲ್ಲ. ಅಲ್ಲಿ ನಾಲ್ಕೇ ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಬಟ್ಟೆಯ ಮೇಲೆ ಪೆನ್ಸಿಲ್ ತಾಗಿಸುವಂತಿಲ್ಲ, ಎಳೆ ಎಣಿಸಿ ಹಾಕಬೇಕು. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ವಾಪಸು ಬಂದು ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ, ಹಾಗಾಗಿ ಮುಂದಿನದೂ ಹಿಂದಿನದೂ ಒಂದೇ ಥರ. ಗಂಟು ಹಾಕುವುದಂತೂ ಮಹಾಪಾಪ. ಇಂಥದ್ದಕ್ಕೆ ಹಿಂದೆ ಅಸ್ತರು ಕೊಟ್ಟು ಮುಚ್ಚುತ್ತೇವೆ ಎಂದು ತಿಳಿದು ಬೀಗಿತ್ತಿ ಫೋನಿನಲ್ಲಿ ಒಂದು ಕ್ಷಣ ಮೌನವಾದರು. "ಹಿಂದ ನೋಡಬೇಕಂತನ ಅಷ್ಟು ಕಣ್ಣು ಕಳಕೊಂಡೇನ್ರಿ. ಅದನ್ನ ಮುಚ್ಚಿದ್ರ ಮತ್ತ ಯಾಕ ಬೇಕಿತ್ತು" ಎಂದರು. ಬೀಗಿತ್ತಿಯ ಮಾತು ನಮ್ಮ ಕಡೆ ಹೈಕೋರ್ಟಿನ ತಡೆಯಾಜ್ಞೆಗೆ ಸಮ.

ಈಗ ಜೋಡಿಸುವ ಕ್ರಮಕ್ಕೆ ಬಂದೆವು. ಒಂದು ಭಾನುವಾರ ನಮ್ಮ ಕಡೂರಿನ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ, ಚೌಕಗಳನ್ನು ಹರಡಿ, ಎಲ್ಲ ಹಕ್ಕುದಾರರ ಸಮ್ಮುಖದಲ್ಲಿ ಸ್ಥಳ ಪರಿಶೀಲನೆ ಇಟ್ಟುಕೊಂಡೆವು.

ಅತ್ತಿಗೆಯದು ಹಳೆಯ ಕೌದಿಯ ದಾರಿ. ಅಜ್ಜಿಯರು ಮಾಡುತ್ತಿದ್ದಂತೆ ಕೆಳಗೆ ಹಳೇ ಸೀರೆಗಳನ್ನು ಮೂರು ನಾಲ್ಕು ಪದರ ಹಾಸಿ, ಅದರ ಮೇಲೆ ಚೌಕಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಹೆಂಚಿನ ಹಾಗೆ ಜೋಡಿಸಿ, ಹೊರ ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿನವರೆಗೂ ದಪ್ಪ ಸೂಜಿಯಲ್ಲಿ ಓಡುಹೊಲಿಗೆ. ಚೌಕ ಚಿಕ್ಕದೋ ದೊಡ್ಡದೋ ಕೇಳುವವರಿಲ್ಲ, ಅಂಚು ಅಂಚಿನ ಕೆಳಗೆ ಅಡಗುತ್ತದೆ. ಕೂಸಿಗೂ ಹಳೇ ಸೀರೆಯಷ್ಟು ಮೆತ್ತಗಿನ ಬಟ್ಟೆ ಬೇರೆ ಇಲ್ಲ. ನನಗೆ ಒಪ್ಪಿಗೆಯಾಗಿತ್ತು. ಆದರೆ ಆ ಓಡುಹೊಲಿಗೆ ಬೆರಳಗಲಕ್ಕೆ ಒಂದರಂತೆ ಎಲ್ಲದರ ಮೇಲೂ ಓಡುತ್ತದೆ. ಗಿಳಿಯ ಕೊಕ್ಕೂ ಒಂದೇ, ಗುಲಾಬಿಯ ಎಸಳೂ ಒಂದೇ. ಚಿಕ್ಕಮ್ಮ ತನ್ನ ಚೌಕವನ್ನು ಎದೆಗವಚಿಕೊಂಡು, "ನನ್ನ ಗಿಳಿ ಮುಖದ ಮೇಲೆ ಹೊಲಿಗೆ ಹಾಕಿದರೆ ನಾನು ಇದನ್ನ ವಾಪಸು ತಗೊಂಡು ಬೀರೂರಿಗೆ ಹೋಗ್ತೀನಿ" ಎಂದಳು. ಬೀರೂರು ದೂರವೇನಲ್ಲ, ಆರೇ ಕಿಲೋಮೀಟರ್ ಆಚೆ ಈಚೆ, ಅದಕ್ಕೇ ಬೆದರಿಕೆ ನಿಜವಾಗುವ ಸಂಭವ ಜಾಸ್ತಿ.

ಚಿಕ್ಕಮ್ಮನದು ಕ್ರೋಶಾ ಪಂಥ. ಪ್ರತಿ ಚೌಕದ ಸುತ್ತ ದಾರದಲ್ಲಿ ಒಂದು ಸುತ್ತು ಲೇಸು ಹೆಣೆದು, ಆ ಲೇಸಿಗೆ ಲೇಸನ್ನು ಕೊಕ್ಕೆ ಸೂಜಿಯಲ್ಲಿ ಕೂಡಿಸುವುದು. ಅಳತೆ ಕಮ್ಮಿಯಾದ ಚೌಕಕ್ಕೆ ಎರಡು ಸುತ್ತು ಹೆಚ್ಚು ಹೆಣೆದರೆ ಎಲ್ಲ ಸಮ. ನೋಡಲು ಬಲು ಚೆಂದ, ಟೀವಿ ಮೇಲೆ ಹಾಕುವ ಬಟ್ಟೆಯ ಚೆಂದ. ಅಷ್ಟೂ ಕಿಂಡಿಯಿದ್ದರೆ ಚಳಿ ಎಲ್ಲಿಗೆ ಹೋಗಬೇಕು? ನಮ್ಮ ಬಯಲುಸೀಮೆಯ ಮಾಘದ ಗಾಳಿ ಗೊತ್ತಿದ್ದವರು ಕಿಂಡಿಯಿರುವ ಹೊದಿಕೆಯನ್ನು ಶತ್ರುವಿಗೂ ಕೊಡುವುದಿಲ್ಲ. ಪಕ್ಕದ ಮನೆಯ ಹುಡುಗಿ ಸೀರೆ ಕುಚ್ಚು ಹಾಕುವುದರಲ್ಲಿ ಎತ್ತಿದ ಕೈ. ಅವಳು ಕುಚ್ಚಿನ ಗಂಟಿನಲ್ಲೇ ಮಣಿ ಸೇರಿಸಿ ಜೋಡಿಸಿಕೊಡುತ್ತೇನೆ ಅಂದಳು. ಕೂಸು ಮಣಿ ನುಂಗಿದರೆ ಎಂದು ಐದು ಬಾಯಿ ಒಟ್ಟಿಗೆ ಕೇಳಿದ್ದರಿಂದ ಆ ಪ್ರಸ್ತಾಪ ಅಲ್ಲೇ ವಜಾ.

ತರೀಕೆರೆಯ ಭಾವ ರೈಲ್ವೆಯವರು, ಬೀರೂರು ಜಂಕ್ಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹುಬ್ಬಳ್ಳಿಗೆ ಹೋಗುವ ಹಳಿಯಿಂದ ಶಿವಮೊಗ್ಗದ ಹಳಿ ಕವಲೊಡೆಯುವ ಜಾಗದಲ್ಲಿ ಆಯುಷ್ಯ ಕಳೆದವರಿಗೆ ಸೇರಿಸುವುದೂ ಬಿಡಿಸುವುದೂ ಒಂದೇ ಕೆಲಸದ ಎರಡು ಪಾಳಿ. ಅವರ ಸಲಹೆ ಗುಂಡಿ ಮತ್ತು ಕಾಜ. ಪ್ರತಿ ಚೌಕಕ್ಕೂ ಪ್ರತ್ಯೇಕ ಅಸ್ತರು ಕೊಟ್ಟು, ಎರಡು ಪಕ್ಕ ಗುಂಡಿ, ಎರಡು ಪಕ್ಕ ಕುಣಿಕೆ. "ಯಾವ ಬೋಗಿ ಕೂಸು ಒದ್ದೆ ಮಾಡ್ತೋ ಅದೊಂದನ್ನೇ ಕಳಚಿ ಒಗೆದು ಮತ್ತೆ ತಗುಲಿಸಿದರಾಯ್ತು. ಇಡೀ ಗಾಡಿ ಯಾಕೆ ನಿಲ್ಲಿಸ್ಬೇಕು?" ಎಂದರು. ಇದರಲ್ಲಿ ತಲೆಯಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಒಂದೊಂದು ಚೌಕವನ್ನೂ ಅದರಷ್ಟಕ್ಕೆ ಪೂರ್ತಿ ಮುಗಿಸಿ ಆಮೇಲೆ ಕೂಡಿಸುವ ಪದ್ಧತಿ ಪರದೇಶಗಳಲ್ಲೂ ಇದೆ, ದೊಡ್ಡ ಹೊದಿಕೆಯನ್ನು ಮಡಿಲ ಮೇಲೆ ಹೊರಳಾಡಿಸುವ ಕಷ್ಟವಿಲ್ಲ. ಆದರೆ ಅಕ್ಕ, "ಗುಂಡಿ ಬಿಚ್ಚಿ ಯಾರ ಚೌಕ ಯಾರು ಬೇಕಾದರೂ ಕಿತ್ತುಹಾಕಬಹುದು ಅಂತಾಯ್ತಲ್ಲ" ಎಂದು ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ಹೋರಿಯ ಕಡೆ ನೋಡಿದರು.

ಅಕ್ಕನದೇ ಸಲಹೆ ಪಟ್ಟಿ ಪದ್ಧತಿ. ಹಳೇ ರೇಷ್ಮೆ ಸೀರೆಯ ಅಂಚನ್ನು ಕತ್ತರಿಸಿ, ಚೌಕ ಚೌಕಗಳ ನಡುವೆ ಎರಡು ಬೆರಳಗಲದ ಪಟ್ಟಿ ಕೊಡುವುದು. ಪಟ್ಟಿಗಳು ಕೂಡುವ ನಾಲ್ಕು ರಸ್ತೆಯಲ್ಲಿ ಬೇರೆ ಬಣ್ಣದ ಒಂದು ಪುಟ್ಟ ಚೌಕ. ಇದನ್ನು ಕೇಳಿ ನನ್ನೊಳಗಿನ ಮೋಜಣಿದಾರ ಎದ್ದು ನಿಂತ. ಇದು ಬಂಡಿದಾರಿ! ಪ್ರತಿ ಹಿಡುವಳಿಗೂ ನಾಲ್ಕು ಕಡೆ ದಾರಿ, ಮೂಲೆಗೊಂದು ಬಾಂದು ಕಲ್ಲು. ನನ್ನ ಸೇವಾವಧಿಯ ಅರ್ಧ ಜಗಳಗಳು ದಾರಿಯಿಲ್ಲದ್ದಕ್ಕೇ ಹುಟ್ಟಿದವು. ದಾರಿ ಬಿಟ್ಟರೆ ಅಳತೆಯ ತೊಂದರೆಯೂ ಇಲ್ಲ, ಚೌಕ ಎಷ್ಟು ಕಮ್ಮಿಯೋ ಪಟ್ಟಿ ಅಷ್ಟು ಅಗಲ. ಬೇಕಾದರೆ ಚೌಕಗಳನ್ನೆಲ್ಲ ಓರೆಯಾಗಿ ಮೂಲೆಯ ಮೇಲೆ ನಿಲ್ಲಿಸಿ, ನಡುವೆ ಖಾಲಿ ಚೌಕಗಳನ್ನು ಹಾಕಬಹುದು, ಕಸೂತಿಗೆ ಉಸಿರಾಡಲು ಜಾಗವಾಗುತ್ತದೆ. ಆದರೆ ಓರೆಯಾಗಿ ನಿಲ್ಲಿಸಿದಾಗ ಹೋರಿ ಬಾವಿಗೆ ಬೀಳುವಂತೆಯೂ, ವೆಲ್‌ಕಮ್ ಜಾರಿಹೋಗುವಂತೆಯೂ ಕಂಡದ್ದರಿಂದ ನೇರವೇ ಸರಿ ಎಂದಾಯಿತು.

ಈ ತೀರ್ಮಾನದ ನಕ್ಷೆಯನ್ನು ಹಿಡಿದು ಪೇಟೆಯ ಒಬ್ಬ ಟೈಲರ್ ಬಳಿ ಹೋದೆ. ಅವನು ಚೌಕಗಳನ್ನು ಒಂದೊಂದಾಗಿ ತಿರುವಿ, ಹೋರಿಯ ಕೊಂಬನ್ನು ನೋಡಿ, ನಾನು ಹೇಳಿದ ಬೀಗಿತ್ತಿಯವರ ಷರತ್ತನ್ನು ಕೇಳಿ, ಎಲ್ಲವನ್ನೂ ಮತ್ತೆ ಮಡಿಸಿ ಚೀಲಕ್ಕೆ ಹಾಕಿದ. "ಸಾರ್, ಇದು ಮಿಷನ್ ಕೆಲಸ ಅಲ್ಲ, ಕೋರ್ಟ್ ಕೆಲಸ" ಎಂದ.

ಆಗ ಬಂದವರು ತಾಂಡಾದ ಅಜ್ಜಿ. ನಮ್ಮ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ಈ ಅಜ್ಜಿ ನನ್ನ ಹೆಂಡತಿಗೆ ದಾರದ ಅಂಗಡಿಯಲ್ಲಿ ಪರಿಚಯ. ಇಬ್ಬರೂ ಒಂದೇ ಕೆಂಪು ದಾರಕ್ಕೆ ಕೈಹಾಕಿ ಸ್ನೇಹವಾದದ್ದು. ಅಜ್ಜಿ ಕಾಫಿ ಕುಡಿದು, ಜಮಖಾನದ ಮೇಲೆ ಹರಡಿದ್ದನ್ನೆಲ್ಲ ನೋಡಿ, "ಹೊಲಿಗೇನ ಯಾಕಮ್ಮ ಕದ್ದು ಒಳಕ್ಕೆ ಹಾಕ್ತೀರಿ? ಕಳ್ಳತನ ಮಾಡೀರಾ? ಎರಡು ಬಟ್ಟೆ ಸೇರೋ ಜಾಗನೇ ಜನ ನೋಡ್ಬೇಕು" ಎಂದರು. ನಮ್ಮ ಪಡಸಾಲೆಯಲ್ಲಿ ಅಲ್ಲಿಯವರೆಗೆ ಯಾರಿಗೂ ಹೊಳೆಯದಿದ್ದ ಮಾತು. ನಾವೆಲ್ಲ ಜೋಡಣೆಯನ್ನು ಮರೆಮಾಚುವ ಉಪಾಯ ಹುಡುಕುತ್ತಿದ್ದೆವು. ಅಜ್ಜಿ ಅದನ್ನೇ ಮೆರವಣಿಗೆ ಹೊರಡಿಸುವ ಮಾತಾಡಿದರು.

ಮಾತಾಡಿ ಸುಮ್ಮನಾಗಲಿಲ್ಲ, ಮಾಡಿ ತೋರಿಸಿದರು. ಎರಡು ಚೌಕದ ಅಂಚುಗಳನ್ನು ಒಳಕ್ಕೆ ಮಡಿಸಿ, ಹೆಬ್ಬೆರಳಿನ ಉಗುರಿನಲ್ಲಿ ಗೀರಿ ಗೀರಿ ಮಡಿಕೆಯನ್ನು ಇಸ್ತ್ರಿ ಹಾಕಿದಂತೆ ಕೂರಿಸಿದರು. ಎರಡನ್ನೂ ಮಗ್ಗುಲಿಗೆ ಮಗ್ಗುಲಿಟ್ಟು ಮೊಣಕಾಲಿನ ಮೇಲೆ ಬಿಗಿದುಕೊಂಡರು. ಮೊಣಕಾಲೇ ಅವರ ರಿಂಗು. ಎಡ ಅಂಚಿನ ಕೆಳಗಿನಿಂದ ಸೂಜಿ ಮೇಲೆದ್ದು, ಓರೆಯಾಗಿ ಹಾರಿ ಬಲ ಅಂಚಿನೊಳಕ್ಕೆ ಇಳಿದು, ತನ್ನದೇ ದಾರವನ್ನು ಒಮ್ಮೆ ದಾಟಿ, ಮತ್ತೆ ಎಡಕ್ಕೆ ಹಾರಿತು. ಒಂದು ಗೇಣು ಮುಗಿಯುವಷ್ಟರಲ್ಲಿ ಎರಡು ಬಟ್ಟೆಯ ನಡುವೆ ಕೆಂಪು ಹೆರಳು ಮೂಡಿತ್ತು. ಆಮೇಲೆ ಹಳದಿ ದಾರ, ಅದೇ ತೂತುಗಳ ಪಕ್ಕದಲ್ಲಿ, ಅದರ ಮೇಲೆ ಬಿಳಿ. ನನ್ನ ಹೆಂಡತಿಗೆ ಮೊಣಕಾಲಿನ ಮೇಲೆ ಅಷ್ಟು ಸಮನಾಗಿ ಹಿಡಿಯಲು ಬರಲಿಲ್ಲ. ಹೊಲಿಗೆ ಕ್ಲಾ‌ಸಿನ ಪಾಠದಂತೆ ಎರಡು ಅಂಚುಗಳನ್ನು ಕಡ್ಡಿಯಷ್ಟು ಸಂದು ಬಿಟ್ಟು ದಪ್ಪ ಕಾಗದಕ್ಕೆ ಕಚ್ಚಾ ಹೊಲಿಗೆ ಹಾಕಿ ಕೂರಿಸಿ, ಕೂಡಿಸಿದ ಮೇಲೆ ಕಾಗದ ಹರಿದು ತೆಗೆಯುತ್ತೇನೆ ಎಂದಳು. ಕಾಗದಕ್ಕೆ ಹುಡುಕಿದಾಗ ಕೈಗೆ ಸಿಕ್ಕಿದ್ದು ನಾನು ನೆನಪಿಗೆಂದು ಇಟ್ಟುಕೊಂಡಿದ್ದ ಹಳೆಯ ನಕ್ಷೆಗಳ ಜೆರಾಕ್ಸು. 33 ಅಡಿಯ, 16 ಆಣೆಯ ಸರಪಳಿಯಲ್ಲಿ ಅಳೆದು ನಾನು ಬೇರೆ ಮಾಡಿದ ಗೆರೆಗಳ ಮೇಲೇ ಬಟ್ಟೆಗಳು ಒಂದಾದವು. ಕೆಲಸ ಮುಗಿದ ಮೇಲೆ ನಕ್ಷೆಗಳು ಚೂರುಚೂರಾಗಿ ಕಸದ ಬುಟ್ಟಿಗೆ ಹೋದವು. ಈ ಬಗ್ಗೆ ನನ್ನ ಆಕ್ಷೇಪಣೆಯನ್ನು ಯಾರೂ ದಾಖಲಿಸಿಕೊಳ್ಳಲಿಲ್ಲ.

1880ರ ದಶಕದಲ್ಲಿ ಅಮೆರಿಕದ ಹೆಂಗಸರಿಗೂ ಇಂಥದೇ ಒಂದು ಹುಚ್ಚು ಹಿಡಿದಿತ್ತು. ಅಳತೆ ಆಕಾರ ಒಂದೂ ಹೊಂದದ ರೇಷ್ಮೆ, ಮಖಮಲ್ಲಿನ ಚೂರುಗಳನ್ನು ಹೇಗೆಂದರೆ ಹಾಗೆ ಸೇರಿಸಿ, ಸೇರಿದ ಗೆರೆಗಳ ಮೇಲೆಲ್ಲ ಬಣ್ಣಬಣ್ಣದ ದಾರದಲ್ಲಿ ಗರಿಯಂಥ ಹೊಲಿಗೆ ಹಾಕುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರೂ ಹುಚ್ಚು ಕೌದಿ ಎಂದೇ. ಅಜ್ಜಿಯ ಕಡೆಯವರ ಕೈಯೂ ಕಮ್ಮಿಯದಲ್ಲ, ನಮ್ಮ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1755 ಕಸೂತಿಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಪೇಪರಿನಲ್ಲಿ ಓದಿ ಇದನ್ನು ಮನೆಯಲ್ಲಿ ಹೇಳಿದ್ದು ನಾನೇ. ಅದನ್ನು ನೆನಪಿಟ್ಟುಕೊಂಡು ಪ್ರಯೋಗಿಸಿದ್ದು ನನ್ನ ಹೆಂಡತಿ. "ಅವರು ನಾನೂರೈವತ್ತು ಜನ ಕೂಡಿ ಮಾಡಿದರು. ನಮ್ಮಲ್ಲಿ ನಾಲ್ಕು ಜನ ಒಂದು ಜಮಖಾನದ ಮೇಲೆ ಕೂರೋಕಾಗಲ್ಲ."

ಕೊಂಬಿನ ಸಮಸ್ಯೆ ಅಜ್ಜಿಯ ಸೂತ್ರದಲ್ಲೇ ಬಗೆಹರಿಯಿತು. ಜೋಡಿಸಿದ ಮೇಲೆ, ಮಡಿಕೆಯಲ್ಲಿ ಮುಚ್ಚಿಹೋದ ಕೊಂಬನ್ನು ಗೆರೆ ದಾಟಿಸಿ ಮೇಲಿನ ಚೌಕದ ಮೇಲೆ ಹೊಸದಾಗಿ ಹಾಕುವುದು. ಮೇಲಿನ ಚೌಕ ಅಕ್ಕನ ತೆಂಗಿನ ಮರದ್ದು. ಪರರ ಹಿಡುವಳಿಯಲ್ಲಿ ಕೊಂಬು ಬರಬೇಕಾದರೆ ಒಪ್ಪಿಗೆ ಪತ್ರ ಬೇಕು. ಅಕ್ಕ ಒಂದು ದಿನ ಯೋಚಿಸಿ ಷರತ್ತು ಹಾಕಿದಳು: ಕೊಂಬು ಮೇಲೆ ಬಂದರೆ ತನ್ನ ತೆಂಗಿನ ಗರಿಯೊಂದು ಕೆಳಗೆ ಬಂದು ಹೋರಿಯ ಬೆನ್ನಿನ ಮೇಲೆ ಇಳಿಬೀಳಬೇಕು. ಅತ್ತಿಗೆ ಒಪ್ಪಿದರು. ಈಗ ನೋಡಿದವರಿಗೆ ಹೋರಿ ತೆಂಗಿನ ನೆರಳಿಗೆ ಬಂದು ನಿಂತಂತೆ ಕಾಣುತ್ತದೆ, ಎರಡು ಚೌಕಗಳೂ ಬೇರೆ ಬೇರೆ ಕೈಯವು ಎಂದು ಗೊತ್ತೇ ಆಗುವುದಿಲ್ಲ. ಬೀಗಿತ್ತಿಯವರ ಚೌಕಕ್ಕೆ ಹಿಂದಿನ ಅಸ್ತರಿನಲ್ಲಿ ಅಷ್ಟೇ ಅಳತೆಯ ಕಿಟಕಿ ಕತ್ತರಿಸಿ, ಅಂಚಿಗೆ ಪೈಪಿಂಗ್ ಕೊಟ್ಟೆವು. ಅದೊಂದು ಜಾಗದಲ್ಲಿ ಕೌದಿಗೆ ಹಿಂದೂ ಇಲ್ಲ ಮುಂದೂ ಇಲ್ಲ, ತುಸು ಗಾಳಿ ಬರುತ್ತದೆ, ಅಷ್ಟೆ.

ಉಳಿದದ್ದು ಯಾರ ಪಕ್ಕ ಯಾರು ಎಂಬ ಪ್ರಶ್ನೆ. ವಯಸ್ಸಿನ ಪ್ರಕಾರ ಎಡದಿಂದ ಬಲಕ್ಕೆ ಪ್ರದಕ್ಷಿಣೆಯಾಗಿ ಬರಲಿ, ಅದೇ ಶಾಸ್ತ್ರ ಎಂದಳು ಅಕ್ಕ. ಅವಳಿಗೆ ಅದರಲ್ಲಿ ಅನುಕೂಲವಿತ್ತು. ಭಾವ ತಲೆಯೆತ್ತದೆ, "ನಮ್ಮೂರ ಪಕ್ಕದ ಅಮೃತಪುರಕ್ಕೇ ಹೋಗಿ ನೋಡು" ಎಂದರು. 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಅಮೃತೇಶ್ವರ ದೇವಸ್ಥಾನ ಅದು. ಅಲ್ಲಿನ ಮಂಟಪದ ಗೋಡೆಯ ಮೇಲೆ ಕಲ್ಲಿನಲ್ಲಿ 140 ಪಟ್ಟಿಕೆಗಳಿವೆ. ದಕ್ಷಿಣದ ಕಡೆ ರಾಮಾಯಣದ 70, ಉತ್ತರದ ಕಡೆ ಕೃಷ್ಣನ ಬಾಲಲೀಲೆಯ 25, ಭಾರತದ 45. ರಾಮಾಯಣದ ಪಟ್ಟಿಕೆಗಳು ಸಾಗುವುದು ಅಪ್ರದಕ್ಷಿಣೆಯಾಗಿ. ಹೊಯ್ಸಳರ ಶಿಲ್ಪಿಗಳು ರಾಮನನ್ನೇ ಉಲ್ಟಾ ನಡೆಸಿ ದಕ್ಕಿಸಿಕೊಂಡಿರುವಾಗ ನಾವು ಯಾವ ಲೆಕ್ಕ? ಆದರೂ ಅಕ್ಕ ಸೋಲಲಿಲ್ಲ, ಅಪ್ರದಕ್ಷಿಣೆಯಾದರೆ ತಾನು ಎಲ್ಲಿ ಬರುತ್ತೇನೆಂದು ಬೆರಳು ಮಡಿಚಿ ಎಣಿಸಿ, ಆಮೇಲೆ ಒಪ್ಪಿದಳು.

25 ಮಾಡಲು ಬೇಕಿದ್ದ ಎರಡರಲ್ಲಿ ಒಂದನ್ನು ತಾಂಡಾದ ಅಜ್ಜಿ ಹೊಲಿದು ತಂದರು. ಚಿಕ್ಕ ಕನ್ನಡಿಗಳನ್ನು ದಾರದಲ್ಲೇ ಕಟ್ಟಿ ಕೂರಿಸಿದ್ದು, ಕೂಸಿನ ಕೈಗೆ ಎಟುಕದಿರಲೆಂದು ಮೂಲೆಗೆ ಬಂತು. ಇನ್ನೊಂದು ನಟ್ಟನಡುವಿನದು. ಅದಕ್ಕೆ ಎಲ್ಲರೂ ಆಸೆಪಟ್ಟಿದ್ದರಿಂದ ಯಾರಿಗೂ ಕೊಡುವಂತಿರಲಿಲ್ಲ. ನನ್ನ ತಾಯಿಯ ಹಳೇ ಹತ್ತಿ ಸೀರೆಯಿಂದ ಒಂದು ತುಂಡು ಕತ್ತರಿಸಿ, ಕಸೂತಿ ಗಿಸೂತಿ ಇಲ್ಲದೆ, ಇದ್ದಂತೆ ಅಲ್ಲಿ ಕೂರಿಸಿದೆವು. ಅತ್ತಿಗೆ ಅದನ್ನು ಸ್ವಲ್ಪ ಹೊತ್ತು ನೋಡಿ, "ಅಂತೂ ನಮ್ಮತ್ತೆ ಈಗಲೂ ನಡುಮನೇಲೇ ಇದಾರೆ ಅನ್ನು" ಎಂದರು.

ಚೌಕಗಳ ಮೇಲೆ ಓಡುಹೊಲಿಗೆ ಹಾಕುವಂತಿಲ್ಲವಲ್ಲ, ಮೇಲಿನ ಪದರವೂ ಒಳಗಿನ ಸೀರೆಗಳೂ ಅಸ್ತರೂ ಒಂದಾಗಿ ನಿಲ್ಲುವುದು ಹೇಗೆ? ಪಟ್ಟಿಗಳ ಮೇಲೆ ಮಾತ್ರ ಹೊಲಿದು, ನಾಲ್ಕು ರಸ್ತೆ ಕೂಡುವ ಕಡೆ ದಪ್ಪ ದಾರವನ್ನು ಆಳಕ್ಕೆ ಇಳಿಸಿ ಗಂಟು ಕಟ್ಟಿದೆವು. ಅಂದ ಹಾಗೆ, ಪಟ್ಟಿ ಉಳಿದದ್ದು ಅಳತೆ ತೀರಾ ಕಮ್ಮಿಯಿದ್ದ ಕಡೆ. ಸರಿಯಿದ್ದ ಕಡೆ ಅಜ್ಜಿಯ ಹೆರಳು. ಹೀಗಾಗಿ ಬಂಡಿದಾರಿ ಕೆಲವು ಕಡೆ ಅಗಲ, ಕೆಲವು ಕಡೆ ಕಾಲುದಾರಿ, ಥೇಟ್ ನಮ್ಮ ಹೋಬಳಿಗಳ ಹಾಗೆ. ಮೂಲೆಗಳಿಗೆ ನಾನು ಒಂದು ಸಲಹೆ ಕೊಟ್ಟೆ. ಒಮ್ಮೆ ಹಳಿಯಾಳ, ಯಲ್ಲಾಪುರದ ಕಡೆ ಹೋಗಿದ್ದಾಗ ಸಿದ್ದಿ ಹೆಂಗಸರ ಕೌದಿಗಳನ್ನು ಬೇಲಿಯ ಮೇಲೆ ಒಣಹಾಕಿದ್ದು ನೋಡಿದ್ದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನೆಯಾಗಿ ಮಡಿಸಿ ಮಡಿಸಿ ಪದರ ಮಾಡಿ ಹೊಲಿದಿರುತ್ತಾರೆ, ಅದಕ್ಕೆ ಅವರು ಹೂವು ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬೋಳು. ಸಲಹೆ ಅಂಗೀಕಾರವಾಯಿತು. ಇಡೀ ಕೌದಿಯಲ್ಲಿ ನನ್ನ ಹೆಸರಿನಲ್ಲಿರುವ ಆಸ್ತಿ ಆ ನಾಲ್ಕು ಮೂಲೆ ಮಾತ್ರ.

ಕೊನೆಯ ಅಂಚು ಮುಚ್ಚುವ ಮುಂಚೆ ಅತ್ತಿಗೆ, "ಹಸಿದ ಕೌದಿ ನಿದ್ದೆ ಕೊಡಲ್ಲ" ಎಂದು ಒಳಕ್ಕೆ ನಾಲ್ಕು ಅಕ್ಕಿಕಾಳು ಹಾಕಿದರು. ಅಕ್ಕ, "ಇರುವೆ ಬರುತ್ತೆ" ಎಂದಳು. ಇಬ್ಬರೂ ಹೊಲಿಯುತ್ತಾ ಹೊಲಿಯುತ್ತಾ ಈ ವಿಷಯವನ್ನು ಅಂಚಿನ ಉದ್ದಕ್ಕೂ ಎಳೆದರು. ಮನೆಯವರೆಲ್ಲ ಅದನ್ನೀಗ ಕಡೂರು ಕೌದಿ ಅನ್ನುತ್ತಾರೆ. ಹೆಸರು ಕಡೂರಿನದು, ವಾಸ ಬೆಂಗಳೂರು. ನಮ್ಮೂರಿಗೆ ಇದು ಹೊಸದಲ್ಲ. ಜಿಲ್ಲಾ ಕಚೇರಿ 1860ರ ದಶಕದಲ್ಲೇ ಚಿಕ್ಕಮಗಳೂರಿಗೆ ಹೋಗಿದ್ದರೂ 1947ರವರೆಗೆ ಜಿಲ್ಲೆಯ ಹೆಸರು ಕಡೂರು ಎಂದೇ ಇತ್ತು.

ಕೌದಿ ತಲುಪಿದ ದಿನ ಸೊಸೆ ಕೂಸಿಗೆ ಹೊದಿಸಿ ಫೋಟೋ ಹಾಕಿದಳು. ನಿಮಿಷದೊಳಗೆ ವಾರಸುದಾರರಿಲ್ಲದ ಗುಲಾಬಿಗೆ ಮೂವರು ಹಕ್ಕುದಾರರು ಹುಟ್ಟಿಕೊಂಡರು. ಹೋರಿ ಕೂಸಿನ ಕಾಲ ಕಡೆ ಬಂದಿದೆ, ಗೋವಿಗೆ ಕಾಲು ತಾಗಬಾರದು ಎಂದು ಅತ್ತಿಗೆ ವಿಡಿಯೋ ಕಾಲ್ ಮಾಡಿ ತಿರುಗಿಸಿ ಹೊದಿಸಿದರು. ತಿರುಗಿಸಿದಾಗ ಚಿಕ್ಕಮ್ಮನ ಗಿಳಿಗಳು ತಲೆಕೆಳಗಾದವು, ವೆಲ್‌ಕಮ್ಮೂ. ಚಿಕ್ಕಮ್ಮ ನೇರ ನನಗೇ ಫೋನು ಮಾಡಿದಳು. ಮೂವತ್ತು ದಿನದೊಳಗೆ ಲಿಖಿತ ತಕರಾರು ಸಲ್ಲಿಸು, ಮರುಮೋಜಣಿ ಮಾಡೋಣ ಎಂದೆ. ಚಿಕ್ಕಮ್ಮ ಹಿಂದುಮುಂದು ನೋಡುವವಳಲ್ಲ. ಅರ್ಜಿ ಕೊರಿಯರಿನಲ್ಲಿ ಬಂತು: ಹನ್ನೆರಡು ಇಂಚಿನ ಚೌಕ, ಎರಡು ಗಿಳಿ, ಈ ಸಲ ವೆಲ್‌ಕಮ್ ತಲೆಕೆಳಗಾಗಿ. 26 ಆಯಿತು.